ಲೊಕೇಶನ್ ಕಳಿಸಿ ಸರ್

ಒಬ್ಬ ಹುಡುಗ ಮೆಸೇಜು ಕಳಿಸಿ ಮೂರು ವಾರ ಆಯ್ತು. ಪರಿಚಯದವನಲ್ಲ. ನಾಲ್ಕು ವರ್ಷದ ಹಿಂದೆ ನಾನು ತೆಗೆದ ಒಂದು ಫೋಟೋ ಎಲ್ಲೋ ಅವನ ಕಣ್ಣಿಗೆ ಬಿದ್ದಿದೆ. ಕೆಂಪು ಕಲ್ಲಿನ ಅಂಚು, ಅದರ ಕೆಳಗೆ ಅರ್ಧ ಹಸಿರು ಅರ್ಧ ಕಂದು ಬಣ್ಣದ ನೀರು, ದೂರದಲ್ಲಿ ಒಂದೇ ಒಂದು ದೋಣಿ. 'ಸೂಪರ್ ಜಾಗ ಸರ್, ಫ್ರೆಂಡ್ಸ್ ಜೊತೆ ಹೋಗ್ಬೇಕು, ಲೊಕೇಶನ್ ಕಳಿಸಿ' ಅಂತ ಬರೆದಿದ್ದ.

ಮೊದಲಾಗಿದ್ರೆ ಇಂಥದ್ದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇತ್ತು. 'ಹುಡುಕಿದವರಿಗೆ ಸಿಗುತ್ತೆ' ಅಂತ ಬರೆದು ಒಂದು ನಗುಮುಖ ಅಂಟಿಸಿಬಿಡ್ತಿದ್ದೆ. ಆ ಫೋಟೋದ ಕೆಳಗೆ ಜಾಗದ ಹೆಸರು ಹಾಕಿರಲಿಲ್ಲ. ಹಾಕಬಾರದು ಅನ್ನೋದು ಆಗ ನನಗೆ ಒಂದು ವ್ರತದ ಹಾಗಿತ್ತು. ಹೆಸರು ಹೇಳಿದ್ರೆ ಜನ ಬರ್ತಾರೆ, ಜನ ಬಂದ್ರೆ ಬಾಟ್ಲಿ ಬರುತ್ತೆ, ಸ್ಪೀಕರ್ ಬರುತ್ತೆ, ಆಮೇಲೆ ಆ ಜಾಗ ಜಾಗವಾಗಿ ಉಳಿಯಲ್ಲ. ಆದ್ದರಿಂದ ಪ್ರೀತಿ ಇದ್ದವನು ಬಾಯಿ ಮುಚ್ಚಿಕೊಂಡಿರಬೇಕು. ಇಷ್ಟೇ ನನ್ನ ತರ್ಕ. ಈಗ ಅದೇ ಉತ್ತರ ಬರೆಯೋಕೆ ಕೈ ಓಡ್ತಿಲ್ಲ.

ಮೊದಲು ಜಾಗ ಯಾವುದು ಅಂತ ಹೇಳಿಬಿಡ್ತೀನಿ. ಕುಮಟಾ ತಾಲೂಕಿನ ಅಘನಾಶಿನಿ. ಅದೇ ಹೆಸರಿನ ನದಿ ಕಡಲು ಸೇರುವ ಕಡೆ, ದಕ್ಷಿಣ ದಂಡೆಯ ಊರು. ಆಚೆ ದಂಡೆಯಲ್ಲಿ ತದಡಿಯ ಬಂದರು, ಸಾಲಾಗಿ ನಿಂತ ಮೀನಿನ ಬೋಟುಗಳು. ಕುಮಟಾದಿಂದ ಕಡಲ ದಂಡೆ ಹಿಡಿದು ಉತ್ತರಕ್ಕೆ ನಡೆದರೆ ಒಂದು ಮರಳಿನ ತೀರ, ಆಮೇಲೆ ಕಡಲಿಗೆ ಮೂಗು ಚಾಚಿದ ಒಂದು ಗುಡ್ಡ, ಗುಡ್ಡ ಇಳಿದರೆ ಮತ್ತೊಂದು ತೀರ. ಹೀಗೆ ಕಡ್ಲೆ, ಬಾಡ, ಕಾಗಾಲ ದಾಟಿ ಅಘನಾಶಿನಿಗೆ ಬಂದು, ದೋಣಿಯಲ್ಲಿ ತದಡಿಗೆ ದಾಟಿ, ಅಲ್ಲಿಂದ ಬೇಲೆಕಾನ ಹಿಡಿದು ಓಂ ಬೀಚು, ಕುಡ್ಲೆ, ಕೊನೆಗೆ ಗೋಕರ್ಣ. ಎರಡು ದಿನ ಇಟ್ಟುಕೊಂಡರೆ ಆರಾಮಾಗಿ ನಡೀಬಹುದು. ಗೋಕರ್ಣದ ಕಡೆಯ ಅರ್ಧ ಎಲ್ಲರಿಗೂ ಗೊತ್ತು. ಕುಮಟಾ ಕಡೆಯ ಅರ್ಧಕ್ಕೆ ಬರುವವರು ಕಡಿಮೆ. ನನ್ನ ಫೋಟೋ ಆ ಅರ್ಧದ್ದು.

ಗುಡ್ಡದ ಮೇಲೆ ನಿಂತರೆ ಕಾಣೋದು ಎರಡು ನೀರು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಬಂದ ನದಿ ಒಂದು ಕಡೆ. ಇನ್ನೊಂದು ಕಡೆ ಅರಬ್ಬಿ ಸಮುದ್ರ. ಎರಡೂ ಸೇರುವ ಗೆರೆ ಬರಿಗಣ್ಣಿಗೆ ಕಾಣುತ್ತೆ. ಇಳಿತದ ಹೊತ್ತಿಗೆ ಗೆರೆ ಕಡಲೊಳಗೆ ಹೋಗುತ್ತೆ, ಭರತದ ಹೊತ್ತಿಗೆ ನದಿಯೊಳಗೆ ಬರುತ್ತೆ. ದಿನಕ್ಕೆ ಎರಡು ಸಲ ಹೋಗಿ ಬರೋ ಆ ಗೆರೆಯನ್ನ ನೋಡ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯೋದಿಲ್ಲ. ಹೊತ್ತು ತಿಳಿಯದೆ ಹೋಗಿದ್ದರ ಕಥೆ ಬೇರೆ ಇದೆ, ಆಮೇಲೆ ಬರ್ತೀನಿ.

ಹೆಸರು ಬಚ್ಚಿಡೋದರಲ್ಲಿ ಒಂದು ಸುಖ ಇತ್ತು. ಸುಳ್ಳು ಯಾಕೆ ಹೇಳಲಿ. 'ಹೆಚ್ಚು ಜನಕ್ಕೆ ಗೊತ್ತಿಲ್ಲದ ಜಾಗ' ಅನ್ನುವಾಗ ಬಾಯಿಗೆ ಒಂಥರಾ ರುಚಿ. ಗೊತ್ತಿರೋ ಕೆಲವರಲ್ಲಿ ನಾನೂ ಒಬ್ಬ ಅನ್ನೋ ಜಂಬ. ಆದರೆ ಅಘನಾಶಿನಿ ಯಾರಿಗೆ ಗೊತ್ತಿಲ್ಲ? ಅಂಬಿಗರಿಗೆ, ಹರಿಕಂತ್ರರಿಗೆ, ಹಾಲಕ್ಕಿಗಳಿಗೆ, ಗಜನಿಯಲ್ಲಿ ಕಗ್ಗದ ಭತ್ತ ಬೆಳೆಯುವವರಿಗೆ ಗೊತ್ತಿಲ್ಲದ ಒಂದು ಗೇಣು ನೆಲ ಅಲ್ಲಿಲ್ಲ. ಉಪ್ಪುನೀರಲ್ಲೂ ತಲೆ ಎತ್ತಿ ನಿಲ್ಲೋ ತಳಿ ಆ ಕಗ್ಗ. ಉಪ್ಪುನೀರು ಎಷ್ಟು ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಅನ್ನೋದರ ಲೆಕ್ಕ ಹಾಕಿ ಕಟ್ಟೆ ಕಟ್ಟಿದವರ ಊರು ಅದು. ಅಂಥ ಊರನ್ನ 'ಯಾರಿಗೂ ಗೊತ್ತಿಲ್ಲ' ಅಂದರೆ ಏನರ್ಥ? ಬೆಂಗಳೂರಿನಲ್ಲಿ ಕ್ಯಾಮೆರಾ ಇಟ್ಟುಕೊಂಡಿರೋ ಮುನ್ನೂರು ಜನಕ್ಕೆ ಗೊತ್ತಿಲ್ಲ ಅಂತ. ಅಷ್ಟೆ. ಹಾಗೆ ನೋಡಿದ್ರೆ ಈ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೇ ಸೇರಿದೆ. ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ ಅದು. ಪ್ರಪಂಚಕ್ಕೆ ಗೊತ್ತಾದ ಮೇಲೂ ಗುಟ್ಟು ಕಾಯುತ್ತಾ ಕೂತಿದ್ದೆ ನಾನು.

ಇನ್ನೊಂದು ಮಾತು. ನನಗೆ ಈ ಜಾಗ ಗೊತ್ತಾಗಿದ್ದಾದರೂ ಹೇಗೆ? ಗೆಳೆಯನ ಗೆಳೆಯ ಹೇಳಿದ್ದ. ಅವನು ನನ್ನ ಹಾಗೇ ಬಾಯಿ ಬಿಗಿದುಕೊಂಡಿದ್ದರೆ ನಾನು ಅಲ್ಲಿಗೆ ಹೋಗೋದು ಹಾಗಿರಲಿ, ಕಾಗಾಲ ಅನ್ನೋ ಹೆಸರನ್ನೇ ಕೇಳ್ತಿರಲಿಲ್ಲ. ಜನರಲ್ ಬೋಗಿಯಲ್ಲಿ ಇದನ್ನ ನೋಡಿರ್ತೀರಿ. ಪ್ಲಾಟ್‌ಫಾರ್ಮಿನಲ್ಲಿ ಇದ್ದಾಗ 'ಸ್ವಲ್ಪ ಜರುಗಿ ಸ್ವಾಮಿ, ಎಲ್ಲರೂ ಹೋಗ್ಬೇಕು' ಅಂತ ಕೂಗುವವನೇ, ಒಳಗೆ ಕಾಲಿಟ್ಟ ಮರುಗಳಿಗೆ ಬಾಗಿಲಿಗೆ ಅಡ್ಡ ನಿಂತು 'ಜಾಗ ಎಲ್ಲಿದೆ ಇಲ್ಲಿ' ಅಂತಾನೆ.

ಹಾಗಂತ ಬಚ್ಚಿಡುವವರ ವಾದ ಪೂರ್ತಿ ಪೊಳ್ಳೂ ಅಲ್ಲ. ಗೋಕರ್ಣದ ಕಡೆ ಒಂದು ರಜೆಯ ವಾರಾಂತ್ಯ ಹೋಗಿ ಬನ್ನಿ, ಗೊತ್ತಾಗುತ್ತೆ. ಹಾಫ್ ಮೂನ್, ಪ್ಯಾರಡೈಸ್, ಈ ಕಡೆ ನಿರ್ವಾಣ. ಈ ಹೆಸರುಗಳನ್ನ ಇಟ್ಟವರು ಬಲೆ ಎಳೆಯುವವರಂತೂ ಅಲ್ಲ. ಜಾಗ ಪ್ರಸಿದ್ಧಿ ಆದಮೇಲೆ ಮೊದಲು ಹೋಗೋದು ಅದರ ಹೆಸರೇ ಏನೋ. ಆಮೇಲೆ ದೋಣಿ ಎಳೆದು ಒಣಗಿಸೋ ಜಾಗ ಹೋಗುತ್ತೆ, ಮೀನು ಹರವೋ ಜಾಗ ಹೋಗುತ್ತೆ. ಇದನ್ನೆಲ್ಲ ಕಂಡವನು 'ಹೇಳಲ್ಲ' ಅಂದರೆ ಅವನನ್ನ ಬರೀ ಜಂಬಗಾರ ಅಂತ ತಳ್ಳಿಹಾಕೋಕೆ ಆಗಲ್ಲ.

ನಾನೂ ಹಾಗೇ ಅಂದುಕೊಂಡು ನೆಮ್ಮದಿಯಾಗಿದ್ದೆ. ಕೆಡಿಸಿದ್ದು ಎರಡನೇ ಸಲದ ಪ್ರಯಾಣ.

ಹೋದ ಚಳಿಗಾಲದಲ್ಲಿ ಮತ್ತೆ ಹೋಗಿದ್ದೆ. ಕಾರವಾರದ ರಾತ್ರಿ ರೈಲಿಗೆ ಕುಮಟಾದಲ್ಲಿ ಇಳಿದು, ಬಸ್ಸು ಹಿಡಿದು. ದೋಣಿಗೆ ಹೋಗುವ ದಾರಿಯಲ್ಲಿ ಒಂದು ಚಾದಂಗಡಿ. ಹಿಂದಿನ ಸಲ ಅಲ್ಲೇ ಅವಲಕ್ಕಿ ತಿಂದಿದ್ದೆ. ಅಂಗಡಿಯ ಅಕ್ಕನಿಗೆ ನನ್ನ ಗುರುತು ಸಿಕ್ತು. ಗುರುತು ಅಂದರೆ ಮುಖದ್ದಲ್ಲ, ಕ್ಯಾಮೆರಾ ಚೀಲದ್ದು.

'ನೀವೇ ಅಲ್ದಾ ಗುಡ್ಡದ ಫೋಟ ತೆಗ್ದವ್ರು? ನನ್ನ ಮಗ ಮೊಬೈಲಲ್ಲಿ ತೋರ್ಸದ್ದ.'

ನನಗೆ ಒಳಗೊಳಗೇ ಖುಷಿ. ಹೌದು ಅಂದೆ. ಹೇಗಿತ್ತು ಅಂತ ಕೇಳಿದೆ.

'ಚೆಂದ ಬಂದದೆ' ಅಂದಳು. ಬನ್ಸು ಇದ್ದ ತಟ್ಟೆ ಮುಂದಿಟ್ಟು, 'ಆದ್ರೆ ಒಂದ್ಮಾತು ತಮ್ಮಾ. ಅಷ್ಟು ಜನ ಎಲ್ಲಿ ಎಲ್ಲಿ ಅಂತ ಕೇಳಿರು. ನೀವು ಹೇಳ್ಲೇ ಇಲ್ಲ. ನಮ್ಮೂರಿಗೆ ಹೆಸ್ರಿಲ್ವ?'

ನಾನು ಬಾಟ್ಲಿ, ಗದ್ದಲ, ಪ್ಲಾಸ್ಟಿಕ್ಕು ಅಂತ ಏನೇನೋ ಹೇಳೋಕೆ ಹೋದೆ. ಅವಳು ತಡೆದು ಕೇಳಿಸಿಕೊಂಡಳು, ಒಪ್ಪಲಿಲ್ಲ. ಬಾಟ್ಲಿ ಬಿಸಾಡುವವರಿಗೆ ನಾವು ಬೈತೇವೆ, ಅದು ನಮ್ಮ ಕೆಲ್ಸ ಅಂದಳು. ಮಗ ಹೊಟೇಲು ಕೆಲಸಕ್ಕೆ ಅಂತ ಗೋವಾಕ್ಕೆ ಹೋಗಿದ್ದಾನಂತೆ. ಇಲ್ಲೇ ನಾಲ್ಕು ಜನ ಬರೋ ಹಾಗಿದ್ದರೆ ಅವನು ಅಲ್ಲಿ ಬೇರೆಯವರ ಪಾತ್ರೆ ಯಾಕೆ ತೊಳೀಬೇಕಿತ್ತು ಅನ್ನೋದು ಅವಳ ಪ್ರಶ್ನೆ. ನನ್ನ ಬಳಿ ಉತ್ತರ ಇರಲಿಲ್ಲ. ಅವಳ ಊರಿನ ಶಾಂತಿಯನ್ನ ಅವಳ ಖರ್ಚಿನಲ್ಲಿ ಕಾಪಾಡ್ತಾ ಇದ್ದೆ, ಅವಳನ್ನ ಒಂದು ಮಾತೂ ಕೇಳದೆ.

ಸರಿ, ಪಾಠ ಕಲಿತೆ, ಇನ್ನು ಹೆಸರು ಹೇಳಿಬಿಡೋದೇ ಅಂದುಕೊಂಡು ನದಿ ಕಡೆ ಹೋದೆ. ನೀರು ಇಳಿದಿತ್ತು. ಹೆಂಗಸರು ಸೊಂಟದವರೆಗಿನ ನೀರಲ್ಲಿ ನಿಂತು ಕಾಲಲ್ಲೇ ತಡವಿ ಬಳಚು ಹೆಕ್ಕುತ್ತಿದ್ದರು. ಬಳಚು ಅಂದರೆ ಮರಳಲ್ಲಿ ಹುದುಗಿರೋ ಚಿಪ್ಪಿ, ಇಲ್ಲಿಯ ಎಷ್ಟೋ ಮನೆಗಳ ಊಟವೂ ಹೌದು, ಸಂಪಾದನೆಯೂ ಹೌದು. ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆ ತೇಲುತ್ತಾ ಇರುತ್ತೆ, ಹೆಕ್ಕಿದ್ದೆಲ್ಲ ಅದಕ್ಕೆ. ಬೆಳಕು ಓರೆಯಾಗಿ ಬೀಳ್ತಿತ್ತು, ನೀರಿನ ಮೇಲೆ ಹೊಳಪು. ಕ್ಯಾಮೆರಾ ಎತ್ತಿದೆ. ಈ ಸಲ ಕೇಳಿಯೇ ತೆಗೆಯೋಣ ಅಂತ, 'ಅಕ್ಕಾ, ಒಂದು ಫೋಟೋ ತೆಗೀಲಾ? ಮುಖ ಬರದ ಹಾಗೆ ತೆಗೀತೀನಿ' ಅಂದೆ. ನಗರದವನ ಸಭ್ಯತೆ.

ಅವಳು ನಕ್ಕಳು. 'ಮುಖ ಬೇಕಾರೆ ತೆಗಿ. ಹಿಂದೆ ಆ ಗುಡ್ಡ ಬರುಕಾಗ.'

ಯಾಕಕ್ಕ ಅಂದೆ.

'ಗುಡ್ಡ ಕಂಡ್ರೆ ಜಾಗ ಯಾವ್ದು ಹೇಳಿ ಗುತ್ತಾಗ್ತದೆ. ನಾಳೆ ಎಲ್ಲೆಲ್ಲಿಯವ್ರೋ ಬಂದು ಮೂಟೆ ತುಂಬ್ಕಂಡು ಹೋಗ್ತ್ರು. ಮತ್ತೆ ನಾವೆಂತ ಮಾಡುದು?'

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋಟೋಗ್ರಫಿಯ ನೀತಿ ಅಂತ ನಾವು ಮಾತಾಡೋದೆಲ್ಲ ಮುಖದ ಬಗ್ಗೆ. ಮುಖ ತೋರಿಸಬಹುದೋ ಬಾರದೋ, ಒಪ್ಪಿಗೆ ಇದೆಯೋ ಇಲ್ಲವೋ. ಈಕೆಗೆ ಮುಖದ ಚಿಂತೆಯೇ ಇಲ್ಲ. ಕಾಯಬೇಕಾದ್ದು ಮರಳದಿಣ್ಣೆ. ಅರ್ಧ ಕಿಲೋಮೀಟರ್ ಹಿಂದೆ ಒಬ್ಬಾಕೆ ಹೆಸರು ಹೇಳು ಅಂತಾಳೆ, ಇಲ್ಲಿ ಇನ್ನೊಬ್ಬಾಕೆ ಗುರುತು ಬಿಡಬೇಡ ಅಂತಾಳೆ. ಇಬ್ಬರೂ ಒಂದೇ ಊರಿನವರು, ಪ್ರಾಯಶಃ ಒಂದೇ ಸಂತೆಯಲ್ಲಿ ಎದುರಾಗುವವರು. ಹೇಳಬೇಕೋ ಬೇಡವೋ ಅನ್ನೋದನ್ನ ಒಂದು ಪ್ರಶ್ನೆ ಅಂದುಕೊಂಡಿದ್ದೆ ನಾನು, ಯಾಕಂದ್ರೆ ನನ್ನ ಕಣ್ಣಿಗೆ ಅದೆಲ್ಲ ಸೇರಿ ಒಂದೇ 'ಜಾಗ'ವಾಗಿತ್ತು. ಅವರಿಗೆ ಗುಡ್ಡ ಬೇರೆ, ದಿಣ್ಣೆ ಬೇರೆ. ಗುಡ್ಡ ಎಷ್ಟು ಜನ ನೋಡಿದರೂ ಖರ್ಚಾಗಲ್ಲ. ಬಳಚು ಖರ್ಚಾಗುತ್ತೆ.

ಅರ್ಥಶಾಸ್ತ್ರ ಓದಿದವರಿಗೆ ಇದು ಹಳೇ ಜಗಳ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನುವವರು ಸಾಮೂಹಿಕ ಆಸ್ತಿಯ ದುರಂತದ ಬಗ್ಗೆ ಒಂದು ಲೇಖನ ಬರೆದರು. ಎಲ್ಲರಿಗೂ ತೆರೆದಿರೋ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡ್ತಾ ಹೋಗ್ತಾನೆ, ಕೊನೆಗೆ ಹುಲ್ಲೇ ಇರೋದಿಲ್ಲ ಅನ್ನೋದು ವಾದ. ಜಾಗ ಬಚ್ಚಿಡುವ ಫೋಟೋಗ್ರಾಫರ್ ತನಗೆ ಗೊತ್ತಿಲ್ಲದೇ ಹಾರ್ಡಿನ್ ಶಿಷ್ಯ. ಎಲಿನಾರ್ ಆಸ್ಟ್ರಮ್ ಇದನ್ನ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಮೇವಿನ ಬೆಟ್ಟ, ಜಪಾನಿನ ಹಳ್ಳಿಗಳ ಕಾಡು, ಸ್ಪೇನಿನ ನೀರು ಕಾಲುವೆ ಇವನ್ನೆಲ್ಲ ತೋರಿಸಿ, ಜನ ತಾವೇ ಕಟ್ಟುಪಾಡು ಮಾಡಿಕೊಂಡು ತಲೆಮಾರುಗಟ್ಟಲೆ ಇಂಥದ್ದನ್ನ ಉಳಿಸಿಕೊಂಡಿದ್ದಾರೆ ಅಂದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಹೆಂಗಸು ಅವರು. ಹಾರ್ಡಿನ್ ಹುಲ್ಲುಗಾವಲಲ್ಲಿ ದನ ಕಾಯುವವರು ಒಬ್ಬರ ಹತ್ತಿರ ಒಬ್ಬರು ಮಾತೇ ಆಡೋದಿಲ್ಲ, ನೋಡಿ. ನಮ್ಮ ಕಡೆ ಗೋಮಾಳ ಇತ್ತು, ಶಿರಸಿ ಕಡೆ ಸೊಪ್ಪಿನ ಬೆಟ್ಟ ಇವತ್ತಿಗೂ ಇದೆ. ಅಲ್ಲೆಲ್ಲ ಮಾತಿಲ್ಲದೆ ಏನೂ ನಡೆದಿದ್ದಿಲ್ಲ. ಜಗಳವೂ ಮಾತೇ ತಾನೆ.

ಮಾತು ಅಂದಾಗ ನೆನಪಾಯ್ತು. ತದಡಿ ದಾಟಿದರೆ ಆಚೆ ಸ್ವಲ್ಪ ದೂರಕ್ಕೇ ಹನೇಹಳ್ಳಿ. ಯಶವಂತ ಚಿತ್ತಾಲರ ಊರು. ಮುಂಬೈಯಲ್ಲಿ ಕೂತು ಅವರು ಆ ಊರನ್ನ ಹೆಸರು ಹಿಡಿದೇ ಬರೆದರು, ಮತ್ತೆ ಮತ್ತೆ ಬರೆದರು. ಕನ್ನಡ ಓದುವವರಿಗೆಲ್ಲ ಹನೇಹಳ್ಳಿ ಗೊತ್ತು. ಆದರೂ ಅಲ್ಲಿ ಸೆಲ್ಫಿಗೆ ಕ್ಯೂ ನಿಂತಿದ್ದನ್ನ ನಾನು ಕಂಡಿಲ್ಲ. ಅಂದಮೇಲೆ ಹೆಸರು ಹೇಳೋದೇ ಅಪಾಯ ಅಂತ ನಾನು ನಂಬಿದ್ದು ಎಲ್ಲೋ ತಪ್ಪಿದೆ. ಚಿತ್ತಾಲರ ಹನೇಹಳ್ಳಿಗೆ ಹೋಗೋದಕ್ಕೆ ಅಲ್ಲಿಯ ಜನರನ್ನ ದಾಟಿಯೇ ಹೋಗಬೇಕು, ಬೇರೆ ದಾರಿ ಇಲ್ಲ. ನನ್ನ ಫೋಟೋದಲ್ಲಿ ಜನವೇ ಇಲ್ಲ. ಇದ್ದ ಒಂದು ದೋಣಿಯಲ್ಲಿ ಯಾರಿದ್ದರು ಅಂತ ನನಗೇ ಗೊತ್ತಿಲ್ಲ.

ಈಗ ಆ ಬಾಕಿ ಇಟ್ಟ ಕಥೆ. ಮೊದಲ ಸಲ ಹೋದಾಗ ಗುಡ್ಡದ ಮೇಲಿನ ನೋಟ ಸಾಲದೆ, ಕೆಳಗಿಂದ ತೆಗೆದರೆ ಕಲ್ಲಿನ ಕೆಂಪು ಚೆನ್ನಾಗಿ ಬರುತ್ತೆ ಅಂತ ಬುಡದ ಬಂಡೆಗಳ ಮೇಲೆ ಹಾರಿ ಹಾರಿ ಒಂದು ಮೂಲೆಗೆ ಹೋಗಿ ಕೂತಿದ್ದೆ. ಮಧ್ಯಾಹ್ನ. ಇಳಿತದ ಹೊತ್ತು, ಬಂಡೆಗಳೆಲ್ಲ ಒಣಗಿದ್ದವು. ಸಂಜೆ ಬೆಳಕಿಗೆ ಕಾದೆ. ಒಳ್ಳೇ ಬೆಳಕು ಬಂತು, ತೆಗೆದೆ, ತಿರುಗಿ ನೋಡಿದರೆ ಬಂದ ದಾರಿ ಇಲ್ಲ. ಬಂಡೆಗಳ ಮೇಲೆ ನೀರು. ಅಲೆ ಹಿಂದೆ ಹೋದಾಗ ಕಾಣೋದು, ಬಂದಾಗ ಮುಚ್ಚೋದು. ಮೇಲೆ ಹತ್ತೋಣ ಅಂದರೆ ಚಿರೆಕಲ್ಲಿನ ಗೋಡೆ. ಆ ಕಲ್ಲನ್ನ ಕಡಲು ಬುಡದಲ್ಲಿ ಕೊರೆದು ಮೇಲೆ ಚಜ್ಜದ ಹಾಗೆ ಬಿಟ್ಟಿರುತ್ತೆ, ಹಿಡಿದರೆ ಉದುರುತ್ತೆ. ಚೀಲ ತಲೆ ಮೇಲೆ ಇಟ್ಟುಕೊಂಡು ಕೂಗಿದೆ. ಯಾರನ್ನ ಕೂಗಿದೆನೋ. ಬೀಸುಬಲೆ ಹೆಗಲಿಗೆ ಹಾಕಿಕೊಂಡ ಒಬ್ಬ ಮೇಲಿಂದ ಇಣುಕಿದ. 'ಅಲ್ಲೇ ನಿಲ್ಲಿ, ಅಲ್ಲಾಡ್ಬೇಡಿ' ಅಂದ. ಹತ್ತು ನಿಮಿಷದಲ್ಲಿ ನನಗೆ ಕಾಣದ ಒಂದು ಬಿರುಕಿನಿಂದ ಇಳಿದು ಬಂದು, ಕೈ ಹಿಡಿದು ಹತ್ತಿಸಿದ. ಮೇಲೆ ಬಂದಮೇಲೆ ಬೈದ. 'ನೀರು ಯಾವಾಗ ಏರ್ತದೆ ಅಂತ ಒಂದ್ಮಾತು ಕೇಳ್ಕಂಡು ಬರುಕಾಗುದಿಲ್ವ?' ಆಮೇಲೆ ಕೇಳಿದ, 'ಊರು ಎಲ್ಲಾಯ್ತು?'

ಅವನ ಹೆಸರು ನಾನು ಕೇಳಲಿಲ್ಲ. ಕೈ ನಡುಗ್ತಿತ್ತು, ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಆ ಹುಡುಗ ಕೇಳ್ತಾ ಇರೋದು ಅದೇ ಮೂಲೆಯ ಫೋಟೋ. ನಾನು ಅದಕ್ಕೆ ಕೊಟ್ಟಿದ್ದ ಶೀರ್ಷಿಕೆ 'ಮೌನ'. ಗಂಟಲು ಹರಿಯೋ ಹಾಗೆ ಕೂಗಿಕೊಂಡ ಜಾಗಕ್ಕೆ ಆ ಹೆಸರು! ಊರಿನ ಹೆಸರು ಬಚ್ಚಿಟ್ಟಿದ್ದು ದೊಡ್ಡ ವಿಷಯವೇ ಅಲ್ಲ, ಬಚ್ಚಿಟ್ಟಿದ್ದು ಇದನ್ನ. ಭರತ ದಿನಾ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತೆ, ಆದ್ದರಿಂದ ನಿನ್ನೆ ಮೂರಕ್ಕೆ ಒಣಗಿದ್ದ ಬಂಡೆ ಒಂದು ವಾರ ಬಿಟ್ಟು ಮೂರಕ್ಕೆ ಒಣಗಿರಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ನೀರು ಇನ್ನೂ ಮೇಲೆ ಬರುತ್ತೆ. ಅಲ್ಲಿ ಕಾವಲಿನವರಿಲ್ಲ, ಹಗ್ಗ ಇಲ್ಲ. ಇದನ್ನೆಲ್ಲ ಬಿಟ್ಟು ಫೋಟೋ ಮಾತ್ರ ಊರ ತುಂಬ ಹಂಚಿದ್ದೆ. ಪ್ರಸಿದ್ಧ ಜಾಗವಾದರೆ ಸುರಕ್ಷಿತ ಅಂತಲೂ ಅಲ್ಲ. 2024ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ, ಅಷ್ಟು ಜನ ಇರೋ ತೀರದಲ್ಲೇ, ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ನೀರುಪಾಲಾದರು. ಆ ಸುದ್ದಿ ಓದಿದ ದಿನ ನನ್ನ ಫೋಟೋದ ಕೆಳಗಿನ ಮೆಚ್ಚುಗೆಗಳನ್ನ ನೋಡೋಕೆ ಆಗಲಿಲ್ಲ. ನಾನು ಹೇಳದಿದ್ದರೂ ಈ ಕಾಲದ ಹುಡುಗರು ಗುಡ್ಡದ ಆಕಾರ ನೋಡಿ ನಕ್ಷೆಯಲ್ಲಿ ಹುಡುಕಿಬಿಡ್ತಾರೆ. ಹೆಸರು ಸಿಗುತ್ತೆ. ನೀರು ಏರುವ ಹೊತ್ತು ಮಾತ್ರ ಸಿಗಲ್ಲ.

ಹಾಗಾದರೆ ಫೋಟೋ ಅಳಿಸಿಬಿಡಲಾ? ಅಕ್ಕನ ಮಗ ಗೋವಾದಲ್ಲಿ ಯಾರಿಗೋ ತೋರಿಸಿ ಇದು ನಮ್ಮೂರು ಅಂತ ಹೇಳಿಕೊಂಡಿದ್ದಾನಂತೆ. ಅದನ್ನ ಅಳಿಸೋ ಹಕ್ಕು ನನಗಿದೆಯಾ ಅನ್ನೋದೂ ಅನುಮಾನ.

ಕೊನೆಗೆ ನಿನ್ನೆ ರಾತ್ರಿ ಹುಡುಗನಿಗೆ ಉತ್ತರ ಬರೆದೆ. ಉದ್ದ ಆಯ್ತು. ಕುಮಟಾದಿಂದ ಬಸ್ಸಲ್ಲಿ ಅಘನಾಶಿನಿಗೆ ಬಾ, ಕಾರು ತರಬೇಡ. ದೋಣಿಯ ದಾರಿಯಲ್ಲಿ ಚಾದಂಗಡಿ ಇದೆ, ಅಲ್ಲಿ ಕೂತು ಏನಾದರೂ ತಿನ್ನು, ಇವತ್ತು ನೀರು ಯಾವಾಗ ಏರುತ್ತೆ ಅಂತ ಅಕ್ಕನನ್ನ ಕೇಳು. ಗುಡ್ಡದ ಮೇಲೆ ಹೋಗು, ಅಂಚಿಗೆ ಹೋಗಬೇಡ, ಕೆಳಗಿನ ಬಂಡೆಗಂತೂ ಇಳಿಯಲೇಬೇಡ. ನಾನು ಇಳಿದಿದ್ದೆ, ಒಬ್ಬರು ಬಂದು ಎಳೆದುಕೊಂಡರು. ಮಳೆಗಾಲದಲ್ಲಿ ಹೋಗಬೇಡ. ನದಿಯಲ್ಲಿ ಹೆಂಗಸರು ಬಳಚು ಹೆಕ್ಕುತ್ತಿದ್ದರೆ ಫೋಟೋ ತೆಗೆಯೋ ಮೊದಲು ಕೇಳು, ಗುಡ್ಡ ಬರದ ಹಾಗೆ ತೆಗಿ. ಬೀಸುಬಲೆ ಹೊತ್ತ ಎತ್ತರದ ಮನುಷ್ಯ ಸಿಕ್ಕರೆ, ಬಲಗೈಯಲ್ಲಿ ಒಂದು ಹಳೇ ಗಾಯದ ಗುರುತಿದೆ, ಹೆಸರು ಕೇಳಿ ನನಗೆ ತಿಳಿಸು.

ಬೆಳಿಗ್ಗೆ ಅವನ ಉತ್ತರ ಬಂದಿತ್ತು.

'ಥ್ಯಾಂಕ್ಯೂ ಸರ್. ನಾವು ಎರಡು ಕಾರು, ಒಂಬತ್ತು ಜನ. ಪಾರ್ಕಿಂಗ್ ಇದೆಯಾ?'

ಅಕ್ಕನ ಅಂಗಡಿ ಪಕ್ಕ ಒಂದು ತೆಂಗಿನ ತೋಟ ಇದ್ದ ನೆನಪು. ಯಾರದ್ದೋ ಗೊತ್ತಿಲ್ಲ. ಅಕ್ಕನಿಗೆ ಫೋನು ಮಾಡೋಣ ಅಂದರೆ ನಂಬರು ಇಸಕೊಂಡಿಲ್ಲ.